‘ನೋ ಮೀಡಿಯಾ’ ಎನ್ನುವ ಪೆನ್‌ಡ್ರೈವ್

ಪೆನ್‌ಡ್ರೈವ್ ಹಾಕಿದರೆ ಕಂಪ್ಯೂಟರ್ ಸದ್ದು ಮಾಡುತ್ತದೆ, ಡ್ರೈವ್‌ನ ಅಕ್ಷರವೂ ಕಾಣುತ್ತದೆ. ತೆರೆಯಹೋದರೆ ಡಿಸ್ಕ್ ಹಾಕಿ ಎನ್ನುತ್ತದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ನೋ ಮೀಡಿಯಾ’, ಸಾಮರ್ಥ್ಯ 0 ಬೈಟ್. ಫಾರ್ಮ್ಯಾಟ್ ಕೂಡ ಆಗುವುದಿಲ್ಲ. ಇಂಥದ್ದನ್ನು ಸತ್ತಿದೆ ಎಂದು ಎಸೆಯುವವರೇ ಹೆಚ್ಚು. ಹಲವು ಸಲ ಅದು ಸತ್ತಿರುವುದಿಲ್ಲ.

ಒಳಗಿರುವ ಮುಖ್ಯ ಚಿಪ್‌ಗಳು ಎರಡು: ಮಾಹಿತಿ ಇಡುವ ನ್ಯಾಂಡ್ ಫ್ಲ್ಯಾಶ್, ಅದನ್ನು ಆಳುವ ಕಂಟ್ರೋಲರ್. ನ್ಯಾಂಡ್‌ನಲ್ಲಿ ಬರೆಯುವುದು ಪುಟ ಎಂಬ ಸಣ್ಣ ತುಂಡುಗಳ ಲೆಕ್ಕದಲ್ಲಿ, ಅಳಿಸುವುದು ನೂರಾರು ಪುಟಗಳ ಇಡೀ ಬ್ಲಾಕನ್ನು. ಹಾಗಾಗಿ ನಿಮ್ಮ ಕಡತ ಇರುವ ಜಾಗ ಬದಲಾಗುತ್ತಲೇ ಇರುತ್ತದೆ. ಯಾವುದು ಎಲ್ಲಿದೆ, ಯಾವ ಬ್ಲಾಕ್ ಕೆಟ್ಟಿದೆ ಎಂಬ ಪಟ್ಟಿಗಳನ್ನು ಕಂಟ್ರೋಲರ್ ಅದೇ ನ್ಯಾಂಡ್‌ನ ಮೀಸಲು ಜಾಗದಲ್ಲಿ ಇಡುತ್ತದೆ. ಕಂಟ್ರೋಲರ್ ಅನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್‌ನ ಬಹುಭಾಗವೂ ಸಾಮಾನ್ಯವಾಗಿ ಅಲ್ಲೇ. ಬರೆಯುತ್ತಿರುವಾಗ ಡ್ರೈವ್ ಕಿತ್ತರೆ, ಇಲ್ಲವೇ ಆ ಬ್ಲಾಕೇ ಸವೆದರೆ, ಕಂಟ್ರೋಲರ್ ತನ್ನ ಹೆಸರು ಹೇಳಿ ಸುಮ್ಮನಾಗುತ್ತದೆ.

ಪಟ್ಟಿ, ಫರ್ಮ್‌ವೇರ್‌ಗಳನ್ನು ಹೊಸದಾಗಿ ಬರೆಯುವ ಟೂಲ್‌ನಿಂದ ಇಂಥ ಡ್ರೈವ್ ಹಲವು ಸಲ ಮತ್ತೆ ಏಳುತ್ತದೆ. ಮೊದಲೇ ಒಂದು ಮಾತು: ಆ ಟೂಲ್ ಓಡಿಸಿದರೆ ಹಳೆಯ ಮಾಹಿತಿ ಹೋಗುತ್ತದೆ. ಮದುವೆ ಫೋಟೊ, ಪ್ರಬಂಧದಂಥದ್ದು ಇದ್ದರೆ ಕೈಹಾಕಬೇಡಿ, ನ್ಯಾಂಡ್ ಚಿಪ್‌ನಿಂದ ನೇರವಾಗಿ ಓದಬಲ್ಲ ಡೇಟಾ ರಿಕವರಿಯವರಿಗೆ ಕೊಡಿ.

ಮಾಹಿತಿ ಬೇಡವೆಂದಾದರೆ ಡ್ರೈವ್‌ನ ಚಿಪ್ ಗುರುತಿಸುವ ಚಿಪ್‌ಜೀನಿಯಸ್ ಪ್ರೋಗ್ರಾಂನಲ್ಲಿ ಕಂಟ್ರೋಲರ್‌ನ ಮಾದರಿ ಮತ್ತು ಫ್ಲ್ಯಾಶ್ ಐಡಿ (ನ್ಯಾಂಡ್‌ನ ಗುರುತಿನ ಸಂಖ್ಯೆ) ನೋಡಿ. ಮೇಲಿನ ಬ್ರ್ಯಾಂಡ್ ನಂಬಿ ಟೂಲ್ ಹುಡುಕಬೇಡಿ. ಒಂದೇ ಮಾದರಿಯ ಎರಡು ಡ್ರೈವ್‌ಗಳಲ್ಲಿ ಬೇರೆ ಬೇರೆ ಕಂಟ್ರೋಲರ್ ಇರುವುದು ಮಾಮೂಲು. ಅನುಮಾನವಿದ್ದರೆ ಕವಚ ಬಿಚ್ಚಿ ಚಿಪ್ ಮೇಲಿನ ಅಕ್ಷರ ಓದಿ. ಫೈಸನ್ ಕಂಟ್ರೋಲರ್ ಆದರೆ ಎಂಪಿ-ಆಲ್, ಸಿಲಿಕಾನ್ ಮೋಷನ್ ಆದರೆ ಎಸ್‌ಎಂಐ ಎಂಪಿಟೂಲ್, ಆಲ್ಕೋರ್ ಆದರೆ ಆಲ್ಕೋರ್‌ಎಂಪಿ. ಫೈಸನ್‌ಗೆ ಬರ್ನರ್ (ಬರೆಯುವ ಕೆಲಸ ಮಾಡುವ ಪ್ರೋಗ್ರಾಂ), ಫರ್ಮ್‌ವೇರ್ ಎಂಬ ಎರಡು ಕಡತಗಳು ಬೇಕು, ಎರಡೂ ನಿಮ್ಮ ಚಿಪ್‌ಗೆ ಹೊಂದಬೇಕು. ಇವೆಲ್ಲ ಕಾರ್ಖಾನೆಯಿಂದ ಹೊರಬಿದ್ದ ಟೂಲ್‌ಗಳು, ವೈರಸ್ ಸೇರಿರಬಹುದು. ಬೇರೇನೂ ಇಲ್ಲದ ಹಳೆಯ ವಿಂಡೋಸ್ ಯಂತ್ರದಲ್ಲೇ ಓಡಿಸಿ.

ಟೂಲ್‌ಗೆ ಡ್ರೈವ್ ಕಾಣದಿದ್ದರೆ ಟೆಸ್ಟ್ ಮೋಡ್ ಬೇಕು. 48 ಕಾಲುಗಳ ನ್ಯಾಂಡ್ ಚಿಪ್‌ನಲ್ಲಿ 1ನೇ ಕಾಲಿನ ಬಳಿ ಚುಕ್ಕೆ ಇರುತ್ತದೆ. ಅದಕ್ಕೆ ಕರ್ಣದ ಎದುರು ಮೂಲೆಯದು 25. ಅಲ್ಲಿಂದ ಎಣಿಸಿದರೆ ಐದು ಮತ್ತು ಆರನೆಯವು, ಅಂದರೆ 29 ಮತ್ತು 30, ಡೇಟಾ ಕಾಲುಗಳು. ಚಿಮಟದ ತುದಿಯಿಂದ ಅವೆರಡನ್ನು ಕೂಡಿಸಿ ಹಿಡಿದು ಡ್ರೈವ್ ಹಾಕಿ, ಕಂಪ್ಯೂಟರ್‌ಗೆ ಡ್ರೈವ್‌ನ ಗುರುತು ಸಿಕ್ಕ ಕೂಡಲೇ ಚಿಮಟ ತೆಗೆಯಿರಿ. ಫರ್ಮ್‌ವೇರ್ ಓದಲಾಗದ ಕಂಟ್ರೋಲರ್ ಆಗ ತನ್ನೊಳಗಿನ ಅಳಿಯದ ಮೆಮೊರಿಯಾದ ರೋಮ್‌ನಿಂದ (ROM) ಏಳುತ್ತದೆ. 36-37ರ ಜೋಡಿ ಮುಟ್ಟಲೇಬೇಡಿ, ಅವು ಗ್ರೌಂಡ್ ಮತ್ತು ವಿದ್ಯುತ್.

ಟೂಲ್ ಪ್ರತಿ ಬ್ಲಾಕನ್ನೂ ಅಳಿಸಿ, ಪರೀಕ್ಷಿಸಿ, ಹೊಸ ಪಟ್ಟಿ ಬರೆಯುತ್ತದೆ. ನಡುವೆ ಡ್ರೈವ್ ಅಲುಗಾಡಬಾರದು. ಮುಗಿದ ಮೇಲೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪರೀಕ್ಷಾ ಪ್ರೋಗ್ರಾಂನಿಂದ ಡ್ರೈವ್ ಪೂರ್ತಿ ತುಂಬಿಸಿ ಓದಿಸಿ. ತಪ್ಪು ಬಂದರೆ ಸಾಮರ್ಥ್ಯ ತಗ್ಗಿಸಿ, 16 ಜಿಬಿಯನ್ನು 8ಕ್ಕೆ ಇಳಿಸಿ, ಮತ್ತೆ ಓಡಿಸಬಹುದು. ಹಾಡು ತುಂಬಿ ಕಾರಿನಲ್ಲಿ ಹಾಕಿಕೊಳ್ಳಲು ಅದು ಸಾಕು, ಬ್ಯಾಕಪ್‌ಗೆ ಮಾತ್ರ ಬೇಡ.