ಹೆಸರೆತ್ತದೆ ಬರೆದ ಕಾನೂನು

ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳುವುದಕ್ಕಿಂತ ಕೆಲವು ವರ್ಷ ಹಿಂದಿನ ಮಾತು. ಸಂಜೆ ನನ್ನ ವಕೀಲಿ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಒಬ್ಬರು ಬಂದು ಕುಳಿತರು. ಮಧ್ಯವಯಸ್ಸು, ಕಾಯಂ ನೌಕರಿ. ಅವರ ಮೇಲೆ ಎಫ್‌ಐಆರ್ ಇರಲಿಲ್ಲ, ಸಮನ್ಸ್ ಬಂದಿರಲಿಲ್ಲ. ಜೇಬಿನಲ್ಲಿ ಒಂದು ಚೀಟಿ ಇತ್ತು: ಇಂತಿಷ್ಟು ಹಣ ಕೊಡದಿದ್ದರೆ ಪೊಲೀಸರಿಗೂ ಮನೆಯವರಿಗೂ ತಿಳಿಸುತ್ತೇವೆ ಎಂದು. ಅಂತಹ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಹೆಚ್ಚಾಗಿ ಇಂತಹ ಚೀಟಿಗಳ ರೂಪದಲ್ಲಿಯೇ.

ಈ ಚೀಟಿಯ ಜಾಡು ಹಿಡಿದು ಹೊರಟರೆ ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿಗೆ ಹೋಗಿ ಮುಟ್ಟುತ್ತೇವೆ. ಆ ಕಾಲದವರು ಸಲಿಂಗಕಾಮವನ್ನು ದ್ವೇಷಿಸಿದರು ಎನ್ನುವುದು ನಿಜವೇ. ಆದರೆ ದ್ವೇಷ ಅವರು ಹುಟ್ಟಿಸಿದ್ದಲ್ಲ. ಇಂಗ್ಲೆಂಡಿನ 1533ರ ಕಾಯಿದೆಯಲ್ಲೇ ಇದಕ್ಕೆ ಗಲ್ಲು ಶಿಕ್ಷೆ ಇತ್ತು. ಆ ಅಪರಾಧಕ್ಕೆ ಅಲ್ಲಿ ಕೊನೆಯದಾಗಿ ಇಬ್ಬರನ್ನು ನೇಣಿಗೇರಿಸಿದ್ದು 1835ರಲ್ಲಿ, ರಾಣಿ ಪಟ್ಟಕ್ಕೆ ಬರುವ ಎರಡು ವರ್ಷ ಮೊದಲು. 1861ರಲ್ಲಿ ಮರಣದಂಡನೆ ಕಾನೂನಿನ ಪುಸ್ತಕದಿಂದಲೂ ಹೋಯಿತು. ವಿಕ್ಟೋರಿಯಾ ಕಾಲ ಅದಕ್ಕೆ ತನ್ನದೆಂದು ಸೇರಿಸಿದ್ದು ಬಾಯಿ ಕಟ್ಟುವ ನಾಚಿಕೆಯನ್ನು.

ಮೆಕಾಲೆಯನ್ನೇ ನೋಡಿ. 1837ರಲ್ಲಿ ಭಾರತಕ್ಕಾಗಿ ದಂಡ ಸಂಹಿತೆಯ ಕರಡು ಒಪ್ಪಿಸಿದಾಗ ಬೇರೆ ಬೇರೆ ಅಪರಾಧಗಳಿಗೆ ಉದಾಹರಣೆ ಕೊಟ್ಟು, ಟಿಪ್ಪಣಿ ಬರೆದು, ತರ್ಕ ಮಾಡಿದ ಮನುಷ್ಯ ಇದೊಂದರ ಹತ್ತಿರ ಬಂದಾಗ, ಈ ಹೇಯ ವಿಷಯದ ಬಗ್ಗೆ ಸಾರ್ವಜನಿಕ ಚರ್ಚೆಗೆ ಎಡೆಮಾಡುವ ಒಂದು ಮಾತನ್ನೂ ಸೇರಿಸಲು ಇಷ್ಟವಿಲ್ಲ ಎಂದು ಕೈತೊಳೆದುಕೊಂಡ. ಕೊನೆಗೆ 1862ರ ಜನವರಿ 1ರಂದು ಜಾರಿಗೆ ಬಂದ ಸಂಹಿತೆಯಲ್ಲಿ ಉಳಿದದ್ದು ‘ಪ್ರಕೃತಿಯ ನಿಯಮಕ್ಕೆ ವಿರುದ್ಧವಾದ ಸಂಭೋಗ’ ಎಂಬ ಮಾತು. ಪ್ರಕೃತಿ ಎಂದರೆ ಏನು, ಅದರ ನಿಯಮ ಯಾವುದು ಎಂಬುದನ್ನು ಮುಂದೆ ನ್ಯಾಯಾಧೀಶರು ಒಬ್ಬೊಬ್ಬರು ಒಂದೊಂದು ರೀತಿ ಅರ್ಥಮಾಡಿದರು. ಕಳ್ಳತನದ ಕಲಂ ಅನ್ನು ಹೀಗೆ ಬರೆದಿದ್ದರೆ ಯಾವ ವಕೀಲನೂ ಸುಮ್ಮನಿರುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕಿಂತ ಸಡಿಲವಾದ ಮಾತು ಬಂದದ್ದು 1885ರ ಆಗಸ್ಟಿನಲ್ಲಿ. ಸಂಸತ್ತಿನ ಮುಂದಿದ್ದುದು ಹೆಣ್ಣುಮಕ್ಕಳ ರಕ್ಷಣೆಯ ಮಸೂದೆ. ಸಮ್ಮತಿಯ ವಯಸ್ಸನ್ನು 13ರಿಂದ 16ಕ್ಕೆ ಏರಿಸುವುದು ಅದರ ಮುಖ್ಯ ಕೆಲಸ. ತಡರಾತ್ರಿ ಹೆನ್ರಿ ಲಬೂಷೇರ್ ಎಂಬ ಸದಸ್ಯ ಅದಕ್ಕೊಂದು ತಿದ್ದುಪಡಿ ತಂದ. ಗಂಡಸರಿಬ್ಬರ ನಡುವಿನ ‘ಘೋರ ಅಸಭ್ಯತೆ’, ಸಾರ್ವಜನಿಕವಾಗಿರಲಿ ಖಾಸಗಿಯಾಗಿರಲಿ, ಅಪರಾಧವಾಯಿತು. ಹೆಚ್ಚೆಂದರೆ ಎರಡು ವರ್ಷ ಸಜೆ, ಬೇಕಾದರೆ ಕಠಿಣ ದುಡಿಮೆಯೊಂದಿಗೆ. ಚರ್ಚೆ ನಡೆದದ್ದು ನಾಲ್ಕು ಮಾತಿನಷ್ಟು. ಹಳೆಯ ಅಪರಾಧಕ್ಕೆ ದೈಹಿಕ ಕೃತ್ಯದ ಗಟ್ಟಿ ಪುರಾವೆ ಬೇಕಿತ್ತು. ಹೊಸದಕ್ಕೆ ಒಂದು ಪತ್ರ, ಒಬ್ಬ ಹುಡುಗನ ಹೇಳಿಕೆ ಸಾಕಾಯಿತು. ಜನ ಅದನ್ನು ಬ್ಲ್ಯಾಕ್‌ಮೇಲ್ ಮಾಡುವವರ ಸನ್ನದು ಎಂದು ಕರೆದದ್ದರಲ್ಲಿ ತಪ್ಪೇನಿಲ್ಲ.

ಹೆಸರಾಂತ ಲೇಖಕ ಆಸ್ಕರ್ ವೈಲ್ಡ್‌ನ 1895ರ ಪ್ರಕರಣವನ್ನು ಓದುವಾಗಲೆಲ್ಲ ನನ್ನ ಕಣ್ಣು ಸಾಕ್ಷಿಗಳ ಪಟ್ಟಿಯ ಮೇಲೆ ನಿಲ್ಲುತ್ತದೆ. ಮೊದಲಿಗೆ ವೈಲ್ಡ್ ಆರೋಪಿಯಲ್ಲ, ದೂರುದಾರ. ಕ್ವೀನ್ಸ್‌ಬರಿಯ ಮಾರ್ಕ್ವಿಸ್ ಎಂಬ ಸರದಾರ, ವೈಲ್ಡ್ ಪ್ರೀತಿಸಿದ ಯುವಕನ ತಂದೆ, ವೈಲ್ಡ್‌ನನ್ನು ಸಲಿಂಗಕಾಮಿಯೆಂದು ಹಳಿದು ಕ್ಲಬ್ಬಿನಲ್ಲಿ ಬಿಟ್ಟುಹೋದ ಕಾರ್ಡಿನ ಮೇಲೆ ಮಾನನಷ್ಟದ ಮೊಕದ್ದಮೆ ಹೂಡಿದ್ದ. (ಆ ಕಾರ್ಡಿನಲ್ಲಿ ಬೈಗುಳದ ಕಾಗುಣಿತವೇ ತಪ್ಪಿತ್ತು, ಹೆಸರೆತ್ತಬಾರದ ಅಪರಾಧದ ಹೆಸರು ಬರೆಯಲು ಯಾರಿಗೆ ತಾನೇ ರೂಢಿಯಿತ್ತು!) ಆಡಿದ್ದು ಸತ್ಯ, ಆಡಿದ್ದು ಜನಹಿತಕ್ಕಾಗಿ ಎಂದು ತೋರಿಸಿದರೆ ಮಾನನಷ್ಟದ ಆರೋಪಿ ಪಾರಾಗಬಹುದಿತ್ತು. ಮಾರ್ಕ್ವಿಸನ ಕಡೆಯವರು ಸತ್ಯವನ್ನು ಹುಡುಕಲು ಹೊರಟು ಹಿಡಿದು ತಂದವರಲ್ಲಿ, ವೈಲ್ಡ್‌ನ ಪತ್ರ ಇಟ್ಟುಕೊಂಡು ಅವನಿಂದ ಹಣ ಕಿತ್ತವರೂ ಇದ್ದರು. ಮಾರ್ಕ್ವಿಸನ ವಕೀಲ ಎಡ್ವರ್ಡ್ ಕಾರ್ಸನ್‌ನ ಪಾಟೀಸವಾಲಿನ ನಂತರ ವೈಲ್ಡ್ ದೂರು ಹಿಂತೆಗೆದುಕೊಂಡ. ಅದೇ ದಿನ ಬಂಧನ. ಮೊದಲ ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಎರಡನೆಯದರಲ್ಲಿ, ಮೇ 25ರಂದು, ಲಬೂಷೇರ್ ಕಲಮಿನ ಪೂರ್ತಿ ಎರಡು ವರ್ಷ, ಕಠಿಣ ದುಡಿಮೆಯೊಂದಿಗೆ. ಹಣ ಕಿತ್ತವರು ಸಾಕ್ಷಿಕಟ್ಟೆಯಿಂದ ಇಳಿದು ಮನೆಗೆ ಹೋದರು.

ಹೆಂಗಸರು ಈ ಕಾನೂನಿನಲ್ಲಿ ಇಲ್ಲವೇ ಇಲ್ಲ. ಅಂತಹದ್ದು ಇದೆಯೆಂದು ರಾಣಿ ನಂಬಲಿಲ್ಲ, ಆದ್ದರಿಂದ ಬಿಟ್ಟರು ಎಂಬ ಕಥೆಯನ್ನು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇನೆ. ಅದು ಕಟ್ಟುಕಥೆ. ನಡೆದದ್ದು ಇನ್ನೂ ಸ್ವಾರಸ್ಯದ್ದು: 1921ರಲ್ಲಿ ಹೆಂಗಸರನ್ನೂ ಸೇರಿಸುವ ಪ್ರಯತ್ನ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಬಿದ್ದುಹೋಯಿತು. ಇಂತಹದ್ದನ್ನು ಕೇಳಿಯೇ ಅರಿಯದ ಸಾವಿರಾರು ಹೆಂಗಸರಿಗೆ ಕಾನೂನೇ ಪಾಠ ಹೇಳಿಕೊಟ್ಟಂತಾಗುತ್ತದೆ ಎಂಬುದು ಅಲ್ಲಿಯ ಹಿರಿಯರ ಭಯ. ರಾಣಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಅವಳ ಕಾಲ ಸತ್ತಿರಲಿಲ್ಲ.

ಮತ್ತೆ ನನ್ನ ಕಚೇರಿಗೆ ಬರುತ್ತೇನೆ. ಅಂದು ಬಂದವರಿಗೆ ಅದೇ ಸಂಹಿತೆಯ 388ನೇ ಕಲಂ ತೆಗೆದು ತೋರಿಸಿದೆ. ಗಂಭೀರ ಅಪರಾಧದ ಆರೋಪ ಹೊರಿಸುವುದಾಗಿ ಬೆದರಿಸಿ ಹಣ ಕೀಳುವವರಿಗೆ ಅಲ್ಲಿ ಹತ್ತು ವರ್ಷದವರೆಗೆ ಸಜೆ ಇತ್ತು. ಬೆದರಿಕೆ 377ರದ್ದಾದರೆ ಜೀವಾವಧಿಯವರೆಗೂ ಹೋಗಬಹುದಿತ್ತು. ಅಂದರೆ ಕರಡು ಬರೆದವರಿಗೆ ಗೊತ್ತಿತ್ತು. ತಾವು ಕಟ್ಟುತ್ತಿರುವ ಮನೆಗೆ ಯಾವ ಕಳ್ಳ ಯಾವ ಕಿಂಡಿಯಿಂದ ನುಗ್ಗುತ್ತಾನೆ ಎಂಬುದು ಸಂಹಿತೆ ಅಂಗೀಕಾರವಾದ 1860ರಲ್ಲೇ ಗೊತ್ತಿತ್ತು.

ಅವರು ಕಲಂ ಅನ್ನು ಎರಡು ಸಲ ಓದಿದರು. ಆಮೇಲೆ ಕೇಳಿದರು: “ದೂರು ಕೊಡಬೇಕಾದರೆ, ಯಾವ ವಿಷಯಕ್ಕೆ ಹೆದರಿಸಿದರು ಎಂದು ಬರೆಯಬೇಕಾಗುತ್ತದೆಯೇ ಸರ್?”

ಬರೆಯಬೇಕು ಎಂದೆ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದರು. ವಕಾಲತ್ತಿನ ಕಾಗದ ಮೇಜಿನ ಮೇಲೆ ಹಾಗೆಯೇ ಉಳಿಯಿತು.