ಚವಳಿಕಾಯಿ, ಬೋರ್‌ವೆಲ್ ಮತ್ತು ದೂರದ ಗ್ಯಾಸ್

2012ರಲ್ಲಿ ಚವಳಿಕಾಯಿ ಬೀಜಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು. ರಾಜಸ್ಥಾನದ ಮಾರುಕಟ್ಟೆಯಲ್ಲಿ ಕ್ವಿಂಟಲ್‌ಗೆ 30,000 ರೂಪಾಯಿಯ ಹತ್ತಿರ ಹೋಯಿತು. ಕಡೆಗೆ ಆ ಮಾರ್ಚ್‌ನಲ್ಲಿ ಅದರ ವಾಯದಾ ವ್ಯಾಪಾರವನ್ನೇ, ಅಂದರೆ ಮುಂದಿನ ತಿಂಗಳ ಮಾಲಿಗೆ ಈಗಲೇ ಬೆಲೆ ಕಟ್ಟುವ ವ್ಯವಹಾರವನ್ನೇ, ನಿಲ್ಲಿಸಬೇಕಾಯಿತು. ಬಳ್ಳಾರಿ, ಕೊಪ್ಪಳದ ಮನೆಗಳಲ್ಲಿ ಶೇಂಗಾ ಪುಡಿ ಉದುರಿಸಿ ಪಲ್ಯ ಮಾಡ್ತೀವಲ್ಲ, ಅದೇ ಚವಳಿ, ಅಂದರೆ ಗೋರಿಕಾಯಿ. ಅದರ ಬೀಜದಿಂದ ಮಾಡುವ ಗೋಂದಿಗೆ ಮುಗಿಬಿದ್ದವರು ಅಮೆರಿಕದ ಗ್ಯಾಸ್ ಕಂಪನಿಗಳು.

ಆ ಕಂಪನಿಗಳು ಗ್ಯಾಸ್ ತೆಗೆಯುವುದು ಶೇಲ್‌ನಿಂದ. ಶೇಲ್ ಅಂದರೆ ಹಳೆಯ ಸಮುದ್ರದ ತಳದ ಕೆಸರು ಒತ್ತಿ ಗಟ್ಟಿಯಾದ ಕಲ್ಲು. ಆ ಕೆಸರಿನ ಜೊತೆ ಹೂತುಹೋದ ಪಾಚಿಯೇ ಕೋಟ್ಯಂತರ ವರ್ಷಗಳಲ್ಲಿ ಗ್ಯಾಸ್ ಆಗಿದೆ. ಆದರೆ ಅದು ಸಣ್ಣ ಸಣ್ಣ ರಂಧ್ರಗಳಲ್ಲಿ ಸಿಕ್ಕಿಹಾಕಿಕೊಂಡಿರುತ್ತದೆ, ತಾನಾಗಿ ಮೇಲೆ ಬರುವುದಿಲ್ಲ. ಅದಕ್ಕೇ ಕಿಲೋಮೀಟರ್‌ಗಟ್ಟಲೆ ಕೆಳಗೆ ಕೊರೆದು, ಅಲ್ಲಿಂದ ಅಡ್ಡಡ್ಡ ಕೊರೆದು, ನೀರು, ಮರಳು, ಒಂದಿಷ್ಟು ರಾಸಾಯನಿಕ ಸೇರಿಸಿ ಭಾರಿ ಒತ್ತಡದಲ್ಲಿ ನುಗ್ಗಿಸುತ್ತಾರೆ. ಕಲ್ಲು ಬಿರಿಯುತ್ತದೆ. ಮರಳಿನ ಕಣ ಬಿರುಕಿನಲ್ಲಿ ಕೂತು ಅದು ಮತ್ತೆ ಮುಚ್ಚದಂತೆ ನೋಡಿಕೊಳ್ಳುತ್ತದೆ. ಬರೀ ನೀರಿನಲ್ಲಿ ಮರಳು ತಳ ಸೇರಿಬಿಡುತ್ತೆ ಅಲ್ವಾ? ನೀರನ್ನು ಲೋಳೆಯಂತೆ ದಪ್ಪ ಮಾಡಲು ಚವಳಿ ಗೋಂದು ಬೇಕು. ಈ ಕೆಲಸಕ್ಕೆ ಫ್ರ್ಯಾಕಿಂಗ್ ಎಂದು ಹೆಸರು. ಒಂದು ಬಾವಿಗೆ ಸುಮಾರು 57 ಲಕ್ಷದಿಂದ 6 ಕೋಟಿ ಲೀಟರ್ ನೀರು ಹೋಗುತ್ತದೆ.

ನಮ್ಮ ಕಾಲ ಕೆಳಗೆ ಆ ಗ್ಯಾಸ್ ಇಲ್ಲ. ಹಂಪಿ ಸುತ್ತಲಿನ ಗುಂಡುಗಳು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಅದು ಕರಗಿದ ಶಿಲೆ ತಣಿದು ಆದದ್ದು, ಅದರಲ್ಲಿ ಪಾಚಿ ಎಲ್ಲಿಂದ ಬರಬೇಕು? ಆದರೆ ಕಲ್ಲನ್ನು ನೀರಿನಿಂದ ಬಿರಿಯಿಸುವ ವಿದ್ಯೆ ಮಾತ್ರ ಇಂಥ ಗಟ್ಟಿ ಕಲ್ಲಿನ ಸೀಮೆಗೆ ಹೊಸದಲ್ಲ. ಬತ್ತಿದ ಕುಡಿಯುವ ನೀರಿನ ಬೋರ್‌ಗೆ ಜೀವ ಕೊಡಲು ಹೈಡ್ರೋಫ್ರ್ಯಾಕ್ಚರಿಂಗ್ ಮಾಡುತ್ತಾರೆ. ಕೇಸಿಂಗ್ ಪೈಪಿಗಿಂತ ಕೆಳಗೆ ರಬ್ಬರಿನ ಪ್ಯಾಕರ್ ಇಳಿಸಿ, ಅದನ್ನು ಉಬ್ಬಿಸಿ ಬೋರ್ ಬಿಗಿ ಮಾಡುತ್ತಾರೆ. ಆಮೇಲೆ ಟ್ಯಾಂಕರ್ ನೀರನ್ನು ಪಂಪಿನಿಂದ ಒತ್ತುತ್ತಾರೆ. ಒತ್ತಡದ ಮುಳ್ಳು ಏರುತ್ತಾ ಹೋಗಿ, ಒಮ್ಮೆಲೇ ಕೆಳಗೆ ಬಿದ್ದರೆ ಬಿರುಕು ಬಾಯಿ ಬಿಟ್ಟಿತು ಅಂತ ಲೆಕ್ಕ. ಇಲ್ಲಿ ರಾಸಾಯನಿಕದ ಗೊಡವೆ ಇಲ್ಲ, ಆಳವೂ ಕಮ್ಮಿ. ಇದರ ವಿರುದ್ಧ ಯಾವ ಊರಲ್ಲೂ ಧರಣಿ ಕೂತದ್ದು ನನಗೆ ಗೊತ್ತಿಲ್ಲ. ನೀರು ಬಂದರೆ ಬರುವುದು ಆ ಊರಿನ ಕೊಡಕ್ಕೇ.

ಫ್ರ್ಯಾಕಿಂಗ್‌ಗೆ ಜನರ ವಿರೋಧವನ್ನು ತಿಳುವಳಿಕೆ ಇಲ್ಲದ ಭಯ ಎಂದು ತಳ್ಳಿಹಾಕುವವರು ಇಲ್ಲೇ ಎಡವುತ್ತಾರೆ. ತಂತ್ರ ಹೇಗಿದೆ ಅನ್ನೋದಕ್ಕಿಂತ ಲಾಭ ಯಾರಿಗೆ, ಧೂಳು ಯಾರಿಗೆ, ನಮ್ಮನ್ನು ಕೇಳಿದರಾ ಅನ್ನೋದೇ ಜನರಿಗೆ ದೊಡ್ಡದು. ಅಪಾಯ ಇಲ್ಲವೆಂದಲ್ಲ. 2009ರ ಜನವರಿ 1ರಂದು ಅಮೆರಿಕದ ಪೆನ್ಸಿಲ್ವೇನಿಯಾದ ಡಿಮೊಕ್‌ನಲ್ಲಿ ಮನೆಯೊಂದರ ನೀರಿನ ಬಾವಿ ಸಿಡಿಯಿತು. ಆ ಊರಿನ ಬಾವಿಗಳಿಗೆ ಮೀಥೇನ್ ಗ್ಯಾಸ್ ಸೇರಿದ್ದಕ್ಕೆ ಗ್ಯಾಸ್ ಬಾವಿಗಳ ಕೇಸಿಂಗ್, ಸಿಮೆಂಟಿನ ದೋಷ ಕಾರಣ ಎಂದು ಅಲ್ಲಿನ ಸರ್ಕಾರವೇ ಹೇಳಿತು. ಒಕ್ಲಹೋಮಾದಲ್ಲಿ ಎಣ್ಣೆ, ಗ್ಯಾಸ್ ಜೊತೆ ಬಾವಿಯಿಂದ ಮೇಲೆ ಬಂದ ಕೊಳೆನೀರನ್ನು ಆಳಕ್ಕೆ ಇಳಿಸಿ ಇಳಿಸಿ, 2016ರಲ್ಲಿ 5.8 ತೀವ್ರತೆಯ ಭೂಕಂಪ ಆಯಿತು.

ಆದರೂ ಪೆನ್ಸಿಲ್ವೇನಿಯಾದಲ್ಲಿ ಗ್ಯಾಸ್‌ಗೆ ಒಳ್ಳೆ ಬೆಂಬಲವಿದೆ. ಅಲ್ಲಿ ನೆಲದಡಿಯ ಗ್ಯಾಸೂ ಖಾಸಗಿ ಆಸ್ತಿ. ಹಕ್ಕು ಇದ್ದವರಿಗೆ ತೆಗೆದ ಗ್ಯಾಸಿನಲ್ಲಿ ಕನಿಷ್ಠ ಎಂಟನೇ ಒಂದು ಪಾಲು ರಾಯಧನ ಕೊಡಲೇಬೇಕು. ಅಜ್ಜನ ಕಾಲದಲ್ಲೇ ಆ ಹಕ್ಕು ಮಾರಿಕೊಂಡವರಿಗೆ ಮಾತ್ರ ಲಾರಿ ಸದ್ದೊಂದೇ ಗತಿ. ಇಂಗ್ಲೆಂಡಿನಲ್ಲಿ ಗ್ಯಾಸ್ ರಾಣಿ-ರಾಜರ ಹೆಸರಲ್ಲಿದೆ, ರೈತನಿಗೆ ಪಾಲಿಲ್ಲ. ಲ್ಯಾಂಕಾಶೈರ್ ಜಿಲ್ಲಾ ಕೌನ್ಸಿಲ್ 2015ರಲ್ಲಿ ಫ್ರ್ಯಾಕಿಂಗ್ ಬೇಡ ಎಂದಿತು. ಮರುವರ್ಷ ಲಂಡನ್‌ನ ಮಂತ್ರಿ ಆ ನಿರ್ಧಾರ ತಳ್ಳಿಹಾಕಿ ಒಪ್ಪಿಗೆ ಕೊಟ್ಟರು. ಅಲ್ಲಿಂದ ಧರಣಿ ನಿಲ್ಲಲೇ ಇಲ್ಲ. 2019ರ ಆಗಸ್ಟ್‌ನಲ್ಲಿ ನೆಲ 2.9ರಷ್ಟು ನಡುಗಿತು. ನವೆಂಬರ್‌ನಲ್ಲಿ ಸರ್ಕಾರವೇ ಫ್ರ್ಯಾಕಿಂಗ್‌ಗೆ ತಡೆ ಹಾಕಿತು.

ಇದೆಲ್ಲ ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚೀನಾ ಅದಿರು ಕೊಳ್ಳಲು ನಿಂತಾಗ ಎಷ್ಟೋ ರೈತರು ಹೊಲವನ್ನೇ ಅಗೆಯಲು ಕೊಟ್ಟರು. ಹೊಸಪೇಟೆ-ಸಂಡೂರು ರಸ್ತೆಯಲ್ಲಿ ಹಗಲು-ರಾತ್ರಿ ಲಾರಿ. ರಸ್ತೆ ಬದಿಯ ಬೆಳೆ, ಗಿಡ, ಮನೆ ಮಾಡು ಎಲ್ಲ ಕೆಂಪು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ದೊಡ್ಡವರ ಕತೆ ಪೇಪರಿನಲ್ಲಿ ಬಂತು. ಸಾಲ ಮಾಡಿ ಲಾರಿ ಕೊಂಡವರ ಕತೆ ಅಷ್ಟು ಬರಲಿಲ್ಲ. ಅಮೆರಿಕದ ಉತ್ತರ ಡಕೋಟಾದ ವಿಲಿಸ್ಟನ್‌ನಲ್ಲೂ ಇದೇ ಆಯಿತು. ಶೇಲ್ ಎಣ್ಣೆಯಿಂದ ಊರು ಉಬ್ಬಿ ಮನೆ ಬಾಡಿಗೆ ಗಗನಕ್ಕೇರಿತು. 2014ರ ಕೊನೆಗೆ ಎಣ್ಣೆ ಬೆಲೆ ಬಿದ್ದಾಗ ಕೆಲಸಗಾರರು ಗಂಟುಮೂಟೆ ಕಟ್ಟಿದರು.

2025ರ ಫೆಬ್ರವರಿಯಲ್ಲಿ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡ ಎಂದು ಕೊಪ್ಪಳ ಬಂದ್ ಆಯಿತಲ್ಲ, ಅದೂ ಈ ಅನುಭವದಿಂದಲೇ ಬಂದದ್ದು ಅನ್ನಿಸುತ್ತದೆ. ಹೊಗೆ, ಬೂದಿ ಅಲ್ಲಿನವರಿಗೆ ಮೊದಲೇ ಪರಿಚಯ.

ಭಾರತದ ಮೊದಲ ಶೇಲ್ ಗ್ಯಾಸ್ ನೀತಿ 2013ರದ್ದು. ಆಗ ಹುಡುಕಲು ಹೊರಟ ಜಾಗಗಳು ಕೃಷ್ಣಾ-ಗೋದಾವರಿ, ಕಾವೇರಿ, ಖಂಭಾತ್, ದಾಮೋದರ ಕಣಿವೆಗಳು. ಕಾವೇರಿ ಬಯಲಿನ ಜನ ಹೋರಾಡಿ, 2020ರಲ್ಲಿ ತಮಿಳುನಾಡು ಕಾನೂನು ತಂದು ಅಲ್ಲಿ ಹೊಸ ಬಾವಿಗಳನ್ನು ನಿಷೇಧಿಸಿತು. ಉಳಿದ ಕಡೆಯವರು ಒಂದು ವಿಷಯ ವಿಚಾರಿಸಬೇಕು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಗಣಿ ಮಾಡುವವರು ರಾಯಧನದ ಜೊತೆ ಜಿಲ್ಲಾ ಖನಿಜ ನಿಧಿಗೂ ದುಡ್ಡು ಕಟ್ಟಬೇಕು. ಸಂಡೂರಿನ ಹಳ್ಳಿಗಳ ಶಾಲೆ, ನೀರು, ಆಸ್ಪತ್ರೆಗೆ ಈ ನಿಧಿ ಬಳಸಬಹುದು. ಆದರೆ ಆ ಗಣಿ ಕಾಯ್ದೆಯ ಲೆಕ್ಕದಲ್ಲಿ ಎಣ್ಣೆ, ಗ್ಯಾಸ್ ಖನಿಜವಾಗಿ ಬರುವುದೇ ಇಲ್ಲ. ಹಾಗಾಗಿ ಗ್ಯಾಸ್ ಬಾವಿ ಪಕ್ಕದ ಹಳ್ಳಿಗೆ ಆ ನಿಧಿಯಿಂದ ಬಿಡಿಗಾಸೂ ಬರುವುದಿಲ್ಲ.