ರೀಲಿನ ಕೊನೆಯ ಎಂಟು ಸೆಕೆಂಡು

ಕೆಲವು ವರ್ಷಗಳ ಹಿಂದೆ, ಬೆಂಗಳೂರಿನ ನಮ್ಮ ಸ್ಟುಡಿಯೊಗೆ ಅನಿಮೇಟರ್ ಕೆಲಸ ಕೋರಿ ಬಂದಿದ್ದ ಶೋರೀಲೊಂದನ್ನು, ಅಂದರೆ ಅರ್ಜಿದಾರ ತನ್ನ ಕೆಲಸದ ತುಣುಕುಗಳನ್ನು ಜೋಡಿಸಿ ಕಳುಹಿಸುವ ವಿಡಿಯೊವನ್ನು, ನೋಡುತ್ತಿದ್ದೆ. ಕಳುಹಿಸಿದ್ದವನು ಸಾಗರದ ಕಡೆಯ ಹುಡುಗ. ಒಬ್ಬ ಮನುಷ್ಯ ನಡೆದು ಬಂದು ಪೆಟ್ಟಿಗೆಯೊಂದನ್ನು ಎತ್ತುವ ದೃಶ್ಯದಿಂದ ರೀಲು ಶುರುವಾಗುತ್ತಿತ್ತು. ಎತ್ತುವ ಮೊದಲು ಅವನ ಸೊಂಟ ತಗ್ಗಲಿಲ್ಲ, ಭಾರ ಕೈಗೆ ಬಂದ ಮೇಲೂ ಬೆನ್ನು ಹಿಂದಕ್ಕೆ ವಾಲಲಿಲ್ಲ. ಪೆಟ್ಟಿಗೆಯೊಳಗೆ ಹತ್ತಿ ತುಂಬಿದ್ದಂತಿತ್ತು. ಇನ್ನೇನು ಮುಚ್ಚಬೇಕು ಎನ್ನುವಷ್ಟರಲ್ಲಿ, ಕೊನೆಯ ಎಂಟು ಸೆಕೆಂಡುಗಳಲ್ಲಿ, ಬಣ್ಣವಿಲ್ಲದ ಬೂದು ಆನೆಯ ತಲೆಯೊಂದು ತೆರೆಯ ಮೇಲೆ ನಿಧಾನವಾಗಿ ಒಂದು ಸುತ್ತು ತಿರುಗಿತು. ಕಿವಿಯ ಬುಡದಲ್ಲಿ ಚರ್ಮ ಮಡಿಚಿಕೊಂಡ ಬಗೆ, ಹಣೆಯಿಂದ ಸೊಂಡಿಲು ಇಳಿಯುವಲ್ಲಿನ ಮೂಳೆಯ ಉಬ್ಬು, ಕಣ್ಣಿನ ಸುತ್ತಲಿನ ಸುಕ್ಕು ಇವೆಲ್ಲ ಎಷ್ಟು ಸರಿಯಾಗಿದ್ದವೆಂದರೆ, ನಾನು ಅದನ್ನು ಮತ್ತೆ ಮೂರು ಸಲ ಹಾಕಿ ನೋಡಿದೆ.

ಕರೆಸಿ ಮಾತನಾಡಿಸಿದಾಗ, ಮನೆಯಲ್ಲಿ ಚೌತಿಗೆ ಗಣಪತಿ ಮಾಡುತ್ತಾರೆಂದೂ ತಾನು ಏಳನೇ ತರಗತಿಯಿಂದಲೇ ಮಣ್ಣು ಮೆತ್ತಿದ್ದೇನೆಂದೂ ಹೇಳಿದ. "ಇದನ್ನ ಯಾಕಪ್ಪ ಕೊನೆಗೆ ಹಾಕಿದ್ದೀಯ?" ಎಂದು ಕೇಳಿದೆ. "ಅದು ಅನಿಮೇಷನ್ ಅಲ್ವಲ್ಲ ಸರ್, ಸುಮ್ನೆ ಹಾಕಿದ್ದೆ" ಎಂದ.

ಈ ಉದ್ಯಮಕ್ಕೆ ಬರಬೇಕೆನ್ನುವ ಚಿತ್ರಕಲಾವಿದರಲ್ಲಿ ಬಹುಪಾಲು ಮಂದಿ ಮೊದಲು ಎಡವುವುದು ಇಲ್ಲಿಯೇ. ಅನಿಮೇಷನ್ ಎಂದರೆ ಬೊಂಬೆಯನ್ನು ಕುಣಿಸುವುದು, ಆದ್ದರಿಂದ ಕುಣಿಸಲು ಬಂದವನಿಗೆ ಮಾತ್ರ ಇಲ್ಲಿ ಕೆಲಸ ಎಂದು ಅವರು ತಿಳಿದಿರುತ್ತಾರೆ. ವಾಸ್ತವದಲ್ಲಿ ಮೂರು ಆಯಾಮದ ಒಂದು ಚಿತ್ರ ತೆರೆಗೆ ಬರುವ ಮುನ್ನ ಹತ್ತಾರು ವಿಭಾಗಗಳ ಕೈದಾಟುತ್ತದೆ. ಕಥೆಯನ್ನು ಚೌಕ ಚೌಕವಾಗಿ ಬರೆದು ತೋರಿಸುವ ಸ್ಟೋರಿಬೋರ್ಡ್‌ನವರು, ಪಾತ್ರಗಳ ಮತ್ತು ಊರುಕೇರಿಗಳ ಚಹರೆಯನ್ನು ಗೊತ್ತುಮಾಡುವ ಕಾನ್ಸೆಪ್ಟ್ ಕಲಾವಿದರು, ಅದನ್ನು ಕಂಪ್ಯೂಟರಿನಲ್ಲಿ ಮೂರ್ತಿಯಾಗಿ ಕಡೆಯುವ ಮಾಡೆಲಿಂಗ್‌ನವರು, ಆ ಮೂರ್ತಿಗೆ ಚರ್ಮವನ್ನೋ ತುಕ್ಕನ್ನೋ ಪಾಚಿಯನ್ನೋ ಹಚ್ಚುವ ಟೆಕ್ಸ್ಚರಿಂಗ್‌ನವರು, ಒಳಗೆ ಮೂಳೆ ಕೀಲು ಕೂಡಿಸುವ ರಿಗ್ಗಿಂಗ್‌ನವರು, ಇಷ್ಟೆಲ್ಲ ಆದ ಮೇಲೆ ಅನಿಮೇಟರುಗಳು, ಅವರ ಬೆನ್ನಿಗೆ ಬೆಳಕು ಹಾಕುವ ಲೈಟಿಂಗ್‌ನವರು, ಕೊನೆಯಲ್ಲಿ ಎಲ್ಲ ಪದರಗಳನ್ನು ಸೇರಿಸಿ ಒಂದೇ ಚಿತ್ರವಾಗಿಸುವ ಕಾಂಪೋಸಿಟಿಂಗ್‌ನವರು. ತನ್ನ ಕೈಗೆ ಆಗಲೇ ಒಗ್ಗಿರುವ ವಿದ್ಯೆ ಈ ಸಾಲಿನಲ್ಲಿ ಎಲ್ಲಿ ಕೂರುತ್ತದೆ ಎಂದು ಕಂಡುಕೊಳ್ಳುವುದರಲ್ಲೇ ಕಲಾವಿದನ ದಾರಿಯ ಅರ್ಧಭಾಗ ಮುಗಿಯುತ್ತದೆ.

ನಾನೂ ಅನಿಮೇಟರ್ ಆಗಲೆಂದೇ ಬಂದವನು, ಮೂರು ಕಡೆ ಟೆಸ್ಟಿನಲ್ಲಿ ಸೋತವನು. ಮೂರನೆಯ ಕಡೆ, ಬೇಸರದಿಂದ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ ನನ್ನ ಜಲವರ್ಣದ ನಿಸರ್ಗಚಿತ್ರಗಳನ್ನು ಅಲ್ಲಿನ ಹಿರಿಯರೊಬ್ಬರು ಕೈಗೆತ್ತಿಕೊಂಡು, ಸಂಜೆಯ ಬಿಸಿಲಿನ ಚಿತ್ರವೊಂದರಲ್ಲಿ ನೆರಳಿಗೆ ಕಪ್ಪಿನ ಬದಲು ನೀಲಿ ಯಾಕೆ ಹಚ್ಚಿದ್ದೀರಿ ಎಂದು ಕೇಳಿದರು. ನೇರ ಬಿಸಿಲು ತಾಗದ ಜಾಗವನ್ನು ಬೆಳಗುವುದು ಆಕಾಶದ ಬೆಳಕು, ಅದಕ್ಕೇ ಅಲ್ಲಿ ನೀಲಿ ಇಣುಕುತ್ತದೆ ಎಂದೆ. ಮರುವಾರದಿಂದ ಲೈಟಿಂಗ್ ವಿಭಾಗದಲ್ಲಿ ಕುಳಿತೆ. ಸಾಫ್ಟ್‌ವೇರನ್ನು ಅಲ್ಲಿಯೇ, ಕೆಲಸ ಮಾಡುತ್ತ ಮಾಡುತ್ತ ಕಲಿತೆ. ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು ಟೆಕ್ಸ್ಚರಿಂಗ್‌ನಲ್ಲಿ, ಹವ್ಯಾಸಿ ನಾಟಕಗಳಿಗೆ ದೀಪ ಹಾಕುತ್ತಿದ್ದವರು ನನ್ನದೇ ವಿಭಾಗದಲ್ಲಿ ನೆಲೆ ಕಂಡದ್ದನ್ನು ಆಮೇಲೆ ನೋಡಿದ್ದೇನೆ.

ಹಾಗಾದರೆ ಅನಿಮೇಟರ್ ಆಗಬೇಕಾದವರು ಯಾರು? ಚಲನೆಯನ್ನು ನೋಡದೆ ಇರಲಾಗದವರು. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು; ಕೈಯಲ್ಲಿ ಬರೆಯುವ ಅನಿಮೇಷನ್‌ನಲ್ಲಿ ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದು 12 ಚಿತ್ರಗಳಲ್ಲಿ ಮುಗಿಸುವುದೂ ಉಂಟು. ಸಾಧಾರಣ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12 ಚೌಕಟ್ಟು ಹಿಡಿಯುತ್ತದೆ. ಹಿಮ್ಮಡಿ ನೆಲ ಮುಟ್ಟುವಾಗ ಕಾಲು ನೀಳವಾಗಿರುತ್ತದೆ, ಮರುಗಳಿಗೆಯಲ್ಲಿ ಭಾರ ಇಳಿದು ಮಂಡಿ ಮಡಿಚಿ ದೇಹ ಅತ್ಯಂತ ಕೆಳಗಿರುತ್ತದೆ, ಇನ್ನೊಂದು ಕಾಲು ಪಕ್ಕದಲ್ಲಿ ಹಾಯುವಾಗ ದೇಹ ಏಳುತ್ತ ಬಂದು, ಊರಿದ ಕಾಲಿನ ತುದಿ ನೆಲವನ್ನು ಒದೆಯುವಾಗ ಅತ್ಯಂತ ಮೇಲಿರುತ್ತದೆ. ಇಷ್ಟನ್ನು ಯಾವ ತರಗತಿಯಲ್ಲಾದರೂ ಕಲಿಸುತ್ತಾರೆ. ಆದರೆ ಮೆಜೆಸ್ಟಿಕ್‌ನ ಬಸ್ ನಿಲ್ದಾಣದಲ್ಲಿ ಅಕ್ಕಿಮೂಟೆ ಹೊತ್ತವನ ಹೆಜ್ಜೆ ಗಿಡ್ಡದಾಗಿ ಅಗಲವಾಗಿ ಬೀಳುವುದನ್ನೂ, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ ತಿರುಗಬೇಕಾದಾಗ ಕತ್ತನ್ನು ತಿರುಗಿಸದೆ ಇಡೀ ಮೈಯನ್ನೇ ತಿರುಗಿಸುವುದನ್ನೂ ತರಗತಿ ಕಲಿಸುವುದಿಲ್ಲ. ಅದಕ್ಕೆ ಸ್ಕೆಚ್ ಪುಸ್ತಕ ಹಿಡಿದು ಅಲ್ಲಿಯೇ ಕೂರಬೇಕು. ಅರ್ಧ ನಿಮಿಷದಲ್ಲಿ ಒಂದು ಭಂಗಿಯನ್ನು ಹಿಡಿದು ಮುಂದಿನದಕ್ಕೆ ಹೋಗಬೇಕು.

ಈ ವಿಷಯದಲ್ಲಿ ನಮ್ಮ ನಾಡಿನವರಿಗೆ ಬೇಕಾದಷ್ಟು ಬಂಡವಾಳ ಇದೆ ಎಂದು ನಾನು ನಂಬಿದ್ದೇನೆ. ಯಕ್ಷಗಾನದ ವೇಷಧಾರಿ ರಂಗದ ಮೇಲೆ ನಿಂತಾಗ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಅವನ ಆಕಾರ ಸ್ಪಷ್ಟವಾಗಿ ಓದಲು ಸಿಗುತ್ತದೆ. ಭಂಗಿಯನ್ನು ಕಪ್ಪು ನೆರಳಾಗಿಸಿ ನೋಡಿದರೂ ಅರ್ಥವಾಗಬೇಕು ಎಂದು ನಾವು ಫ್ರೆಶರುಗಳಿಗೆ ದಿನವೂ ಹೇಳುವುದು ಇದನ್ನೇ. ತೊಗಲುಗೊಂಬೆಯ ಭುಜ, ಮೊಣಕೈಗಳ ಕೀಲುಗಳನ್ನು ಕಂಡವನಿಗೆ, ಬಿಡಿ ತುಂಡುಗಳನ್ನು ಜೋಡಿಸಿ ಮಾಡಿದ ಎರಡು ಆಯಾಮದ ಕಟ್‌ಔಟ್ ಪಾತ್ರದ ರಿಗ್ ಹೇಗೆ ಕೆಲಸ ಮಾಡುತ್ತದೆ ಎಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. ಯಕ್ಷಗಾನ ಕಲಿತಿದ್ದ ಹುಡುಗಿಯೊಬ್ಬಳು ತಾನೇ ಕ್ಯಾಮರಾದ ಮುಂದೆ ನಿಂತು ಶಾಟನ್ನು ಅಭಿನಯಿಸಿ, ಆ ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ನೋಡಿ ಕೆಲಸ ಮಾಡುತ್ತಿದ್ದಳು. ಡೈಲೀಸ್‌ನಲ್ಲಿ, ಅಂದರೆ ದಿನದ ಕೆಲಸವನ್ನು ಕೂತು ಪರಿಶೀಲಿಸುವಾಗ, ಅವಳ ಶಾಟು ಬಂದರೆ ತಿದ್ದುಪಡಿ ಹೇಳಲು ನನಗೆ ಏನೂ ಉಳಿಯುತ್ತಿರಲಿಲ್ಲ.

ಓದಿನ ಹಿನ್ನೆಲೆ ಏನಿರಬೇಕೆಂಬ ಪ್ರಶ್ನೆಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಡಿಸ್ನಿಯಲ್ಲಿ ದುಡಿದಿದ್ದ, ಭಾರತದಲ್ಲಿಯೇ ಹುಟ್ಟಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ತರಬೇತಿ ಕೊಟ್ಟಾಗ, ಅವರಲ್ಲಿ ಕಲಿತವರ ಪೈಕಿ ರಾಮ್ ಮೋಹನ್ ರಸಾಯನಶಾಸ್ತ್ರ ಓದಿದ್ದವರು. ಮುಂದೆ ಭಾರತೀಯ ಅನಿಮೇಷನ್‌ನ ಪಿತಾಮಹರೆಂದು ಕರೆಸಿಕೊಂಡದ್ದು ಅವರೇ. ಇಂದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ (ಎನ್‌ಐಡಿ), ಮುಂಬಯಿ ಐಐಟಿಯ ವಿನ್ಯಾಸ ಶಾಲೆ ಐಡಿಸಿ ಮುಂತಾದೆಡೆ ಗಟ್ಟಿ ಶಿಕ್ಷಣ ಸಿಗುತ್ತದೆ, ಆದರೆ ಸೀಟು ಕಡಿಮೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ (ಕಾವಾ), ಬೆಂಗಳೂರಿನ ಚಿತ್ರಕಲಾ ಪರಿಷತ್ತು ಮತ್ತು ಕೆನ್ ಕಲಾಶಾಲೆಗಳಲ್ಲಿ ಪಳಗಿದ ಕೈಗೆ ಬೇಕಾಗಿರುವುದು ಬಹಳ ಸಲ ಆರೇಳು ತಿಂಗಳ ಕಂಪ್ಯೂಟರ್ ಅಭ್ಯಾಸ ಮಾತ್ರ. 2012ರಲ್ಲಿ ಕರ್ನಾಟಕ ಸರ್ಕಾರ ಈ ಉದ್ಯಮಕ್ಕೆಂದೇ ಎವಿಜಿಸಿ (ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ನೀತಿಯನ್ನು ತಂದಾಗ ಲಲಿತಕಲಾ ಕಾಲೇಜುಗಳ ಕಡೆಗೆ ನೋಡಿದ್ದು ಸರಿಯಾದ ದಿಕ್ಕೇ ಆಗಿತ್ತು.

ಖಾಸಗಿ ತರಬೇತಿ ಸಂಸ್ಥೆಗಳ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಮೃದುವಲ್ಲ. ಒಳ್ಳೆಯವು ಇಲ್ಲವೆಂದಲ್ಲ, ಆದರೆ ಲಕ್ಷಗಟ್ಟಲೆ ಫೀಸು ಕಟ್ಟುವ ಮುನ್ನ, ನೂರಕ್ಕೆ ನೂರು ಕೆಲಸದ ಭರವಸೆಯ ಬ್ಯಾನರನ್ನು ನೋಡುವ ಬದಲು, ಹಿಂದಿನ ವರ್ಷ ಮುಗಿಸಿ ಹೋದವರ ರೀಲುಗಳನ್ನು ತೋರಿಸಿ ಎಂದು ಕೇಳಬೇಕು. ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಸಾಲ ಮಾಡುವ ಮೊದಲು ಅದರಲ್ಲಿ ಮೂರು ತಿಂಗಳು ಕೆಲಸ ಮಾಡಿ ನೋಡಿದವನಿಗೆ, ದಿನಕ್ಕೆ ಎಂಟು ಗಂಟೆ ಒಂದೇ ಶಾಟಿನ ಮುಂದೆ ಕೂರುವ ತಾಳ್ಮೆ ತನಗಿದೆಯೇ ಎಂಬುದಾದರೂ ತಿಳಿಯುತ್ತದೆ.

ಇನ್ನು ರೀಲಿನ ಮಾತು. ಒಂದರಿಂದ ಒಂದೂವರೆ ನಿಮಿಷ ಸಾಕು. ನೋಡುವವರ ಮುಂದೆ ಅಂದು ಇನ್ನೂ ನಲವತ್ತು ರೀಲುಗಳಿರುತ್ತವೆ. ಮೊದಲ ಹತ್ತು ಸೆಕೆಂಡಿನಲ್ಲಿ ಅವರ ಕೈ ಮೌಸಿನ ಕಡೆ ಹೋಗದಂತೆ ತಡೆಯಬೇಕಾದರೆ ನಿಮ್ಮ ಅತ್ಯುತ್ತಮ ಕೆಲಸವೇ ಎಲ್ಲಕ್ಕಿಂತ ಮುಂದಿರಬೇಕು. ಹೆಸರು ಗಿರಗಿರನೆ ತಿರುಗುವ ಟೈಟಲ್ಲು ಬೇಡ. ಯಾವ ವಿಭಾಗಕ್ಕೆ ಅರ್ಜಿಯೋ ಆ ವಿಭಾಗದ ಕೆಲಸ ಮಾತ್ರ ಇರಲಿ, ದುರ್ಬಲವಾದದ್ದನ್ನು ಮೋಹವಿಲ್ಲದೆ ಕಿತ್ತುಹಾಕಿ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಶಾಟಿನಲ್ಲಿ ನೀವು ಮಾಡಿದ್ದು ಏನು ಎಂಬುದನ್ನು ಬರೆಯಿರಿ. ತರಗತಿಯಲ್ಲಿ ಎಲ್ಲರೂ ಸೇರಿ ಮಾಡಿದ ಒಂದೇ ಡ್ರ್ಯಾಗನ್ ಒಂದೇ ವಾರದಲ್ಲಿ ಐದು ಜನರ ರೀಲಿನಲ್ಲಿ ನನಗೆ ಸಿಕ್ಕಿದೆ, ಐವರೂ ಅದು ತಮ್ಮದೆಂದೇ ಕಳುಹಿಸಿದ್ದರು. ಅದಕ್ಕೆ ರೆಕ್ಕೆ ಕಡೆದವನು ಯಾರು ಎಂದು ಕೇಳಿದ ಕೂಡಲೇ ನಾಲ್ವರು ಮೌನವಾದರು.

ಚಿತ್ರ ಬರೆಯುವ ಕೈ ಅಷ್ಟಾಗಿ ಇಲ್ಲದವರು ರೋಟೋ ವಿಭಾಗದಿಂದ ಒಳಗೆ ಬರುವುದು ಬೆಂಗಳೂರಿನಲ್ಲಿ ಹಳೆಯ ರೂಢಿ. ಚಿತ್ರೀಕರಿಸಿದ ದೃಶ್ಯದಲ್ಲಿ ನಟನ ಅಂಚನ್ನು ಚೌಕಟ್ಟು ಚೌಕಟ್ಟಾಗಿ ಗೆರೆಯಲ್ಲಿ ಬಿಡಿಸುವ ಈ ಕೆಲಸ ಬೇಸರದ್ದು, ಆದರೆ ಅಲ್ಲಿ ಒಂದೆರಡು ವರ್ಷ ದುಡಿದು ಕಾಂಪೋಸಿಟಿಂಗ್‌ಗೆ ದಾಟಿದವರು ಬಹಳ ಮಂದಿ. ಈಗ ಆ ಗೆರೆಯನ್ನು ಯಂತ್ರವೇ ಹೆಚ್ಚು ಹೆಚ್ಚಾಗಿ ಎಳೆಯುತ್ತಿರುವುದರಿಂದ, ಅದೊಂದನ್ನೇ ನೆಚ್ಚಿಕೊಂಡು ಬನ್ನಿ ಎಂದು ನಾನು ಯಾರಿಗೂ ಹೇಳಲಾರೆ.

ಕೆಲಸದ ಭದ್ರತೆಯ ಬಗೆಗೂ ಮನೆಯವರ ಮುಂದೆ ಸುಳ್ಳು ಹೇಳಬಾರದು. 2025ರ ಫೆಬ್ರವರಿಯಲ್ಲಿ ಅನಿಮೇಷನ್ ಮತ್ತು ವಿಷುಯಲ್ ಎಫೆಕ್ಟ್ಸ್ ಮಾಡುತ್ತಿದ್ದ ಪರದೇಶದ ಟೆಕ್ನಿಕಲರ್ ಸಮೂಹ ಕುಸಿದಾಗ, ಬೆಂಗಳೂರಿನ ಅದರ ಕಚೇರಿಗಳಲ್ಲಿ ದುಡಿಯುತ್ತಿದ್ದ ನುರಿತ ಕಲಾವಿದರು ಒಮ್ಮೆಗೇ ಕೆಲಸ ಕಳೆದುಕೊಂಡರು. ಆ ವಾರ ನಮ್ಮಲ್ಲಿಗೆ ಬಂದ ರೀಲುಗಳಲ್ಲಿ ನನಗಿಂತ ಚೆನ್ನಾಗಿ ಬೆಳಕು ಹಾಕುವವರದ್ದೂ ಇದ್ದವು. ಪರದೇಶದ ಚಿತ್ರಗಳ ಕೆಲಸವನ್ನೇ ನಂಬಿರುವ ಊರಿನಲ್ಲಿ ಈ ಏರಿಳಿತ ಇದ್ದದ್ದೇ. ಆರು ತಿಂಗಳ ಖರ್ಚನ್ನು ಬದಿಗಿಟ್ಟಿರಿ ಎಂದು ಹೊಸಬರಿಗೆ ಮೊದಲ ಸಂಬಳದ ದಿನವೇ ಹೇಳುತ್ತೇನೆ. ಅವರು ನಗುತ್ತಾರೆ, ಮೊದಲ ಸಂಬಳ ಪಿ.ಜಿ. ಬಾಡಿಗೆಗೇ ಸಾಲದು ಎನ್ನುತ್ತಾರೆ. ಅದೂ ನಿಜವೇ.

ಸಾಗರದ ಹುಡುಗನ ರೀಲನ್ನು ಅಂದು ನಾನೇ ಮಾಡೆಲಿಂಗ್ ವಿಭಾಗದ ಲೀಡ್ ಹತ್ತಿರ ಒಯ್ದೆ. ಒಂದು ವಾರದ ಟೆಸ್ಟು ಕೊಟ್ಟರು. ಮುದಿ ಎಮ್ಮೆಯ ತಲೆಯನ್ನು ಕಡೆದು ತಂದ, ಕೊಂಬಿನ ಬುಡದ ಉಂಗುರಗಳ ಸಮೇತ. ಈಗ ಅವನು ಆ ವಿಭಾಗದ ಹಿರಿಯ. ಚೌತಿಗೆ ಮೂರು ವಾರ ಮೊದಲೇ ರಜೆ ಹಾಕಿ ಊರಿಗೆ ಹೊರಟುಬಿಡುತ್ತಾನೆ. ಆ ತಿಂಗಳ ಶೆಡ್ಯೂಲು ಮಾಡುವಾಗ ಅವನ ಹೆಸರನ್ನು ಬಿಟ್ಟೇ ನಾವು ಲೆಕ್ಕ ಹಾಕುತ್ತೇವೆ.